ಬೇರೆ ಸಭೆಯವರ ಜೊತೆ ಬಾಳುವಾಗ

ನಾನು ದಕ್ಷಿಣ ಭಾರತ ಸಭೆಯ, ಅಂದರೆ ಸಿ.ಎಸ್.ಐ.ನ ಸಭಾಪಾಲಕ. ಸೇವೆ ಮಾಡಿದ್ದೆಲ್ಲ ಕರ್ನಾಟಕದಲ್ಲೇ. ಒಂದು ಕಡೆ ಕ್ಯಾಥೊಲಿಕ್ ಚರ್ಚು, ಇನ್ನೊಂದು ಕಡೆ ಮೆಥೋಡಿಸ್ಟರದು, ಯಾರದೋ ಮನೆಯ ಮಹಡಿಯಲ್ಲಿ ಪೆಂತೆಕೋಸ್ತರ ಪ್ರಾರ್ಥನಾ ಕೂಟ ಇರುವಂಥ ಊರುಗಳವು. ಬೇರೆ ಧರ್ಮದ ನೆರೆಯವರೊಡನೆ ನಮ್ಮ ಜನ ಚೆನ್ನಾಗಿಯೇ ಇರುತ್ತಾರೆ. ಅದೇ ಕ್ರಿಸ್ತನನ್ನು ನಂಬಿ ಬೇರೆ ರೀತಿ ಆರಾಧಿಸುವವರ ವಿಷಯ ಬಂದಾಗಲೇ ಮನಸ್ಸು ಬಿಗಿಯಾಗುವುದು. ಹೊಸದಾಗಿ ಸೇವೆಗೆ ಬರುವವರಿಗೆ ನಾನು ಹೇಳುವ ಮಾತುಗಳಿವು.

1. ನಮ್ಮ ಸಭೆ ಹುಟ್ಟಿದ್ದು ಹೇಗೆಂದು ಮೊದಲು ಓದಿಕೊಳ್ಳಿ.

ಆಂಗ್ಲಿಕನ್, ಮೆಥೋಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಯವರು ಸೇರಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಒಂದೇ ಸಭೆಯಾದರು. ಮಾತುಕತೆ ಶುರುವಾಗಿದ್ದು 1919ರಲ್ಲಿ, ತರಂಗಂಬಾಡಿಯಲ್ಲಿ. ಅಷ್ಟು ವರ್ಷ ಎಳೆದಾಡಿದ್ದರಲ್ಲಿ ದೊಡ್ಡ ಪಾಲು ಬಿಷಪರ ಪ್ರಶ್ನೆಯದು. ಬಿಷಪರ ಕೈಯಿಂದ ಅಭಿಷೇಕ ಆಗದವರನ್ನು ಸಭಾಪಾಲಕರೆಂದು ಒಪ್ಪಲು ಆಂಗ್ಲಿಕನ್ನರಿಗೆ ಕಷ್ಟ. ಮತ್ತೆ ಅಭಿಷೇಕ ಮಾಡಿಸಿಕೊಂಡರೆ ಇಷ್ಟು ದಿನದ ಸೇವೆಯೇ ಸುಳ್ಳೆಂದಂತೆ ಎಂದು ಉಳಿದವರ ಸಂಕಟ. ಕೊನೆಗೆ, ಆಗಲೇ ಸೇವೆಯಲ್ಲಿದ್ದವರನ್ನೆಲ್ಲ ಇದ್ದಂತೆಯೇ ಒಪ್ಪಿಕೊಂಡು, ಮುಂದಿನ ಅಭಿಷೇಕಗಳನ್ನು ಬಿಷಪರಿಗೆ ಬಿಟ್ಟರು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಸಭಾಪಾಲಕರನ್ನು ಹೇರುವುದಿಲ್ಲವೆಂದು ಮಾತು ಕೊಟ್ಟರು. ನಂದ್ಯಾಲದ ಆಂಗ್ಲಿಕನ್ನರು ಆಗ ಹೊರಗೇ ಉಳಿದರು. ಈ ಐಕ್ಯಕ್ಕಾಗಿ ಜೀವ ತೇಯ್ದ ಬಿಷಪ್ ವಿ.ಎಸ್. ಅಜರಯ್ಯನವರು 1945ರಲ್ಲೇ ತೀರಿಕೊಂಡರು, ಅವರಿಗದು ಕಾಣಸಿಗಲಿಲ್ಲ. ಇನ್ನೊಬ್ಬರ ಮನಸ್ಸಾಕ್ಷಿಗೆ ಜಾಗ ಬಿಟ್ಟಿದ್ದರಿಂದಲೇ ನಾವು ಇದ್ದೇವೆ. ಆ ಜಾಗವನ್ನು ಬೇರೆಯವರಿಗೆ ಬಿಡಲಾರೆವು ಎನ್ನುವ ಹಕ್ಕು ನಮಗಿಲ್ಲ.

2. ಅವರ ಕಟ್ಟಳೆ ಏನೆಂದು ಸರಿಯಾಗಿ ತಿಳಿದುಕೊಳ್ಳಿ.

ಬೇರೆ ಸಭೆಗಳಲ್ಲಿ ಕರ್ತನ ಭೋಜನ ತೆಗೆದುಕೊಳ್ಳುವವರನ್ನು ನಾವು ನಮ್ಮ ಭೋಜನಕ್ಕೂ ಕರೆಯುತ್ತೇವೆ. ಕ್ಯಾಥೊಲಿಕರು ಸಾಮಾನ್ಯವಾಗಿ ನಮಗೆ ಪರಮಪ್ರಸಾದ ಕೊಡುವುದಿಲ್ಲ, ಅವರ ಜನ ನಮ್ಮಲ್ಲಿ ತೆಗೆದುಕೊಳ್ಳುವಂತೆಯೂ ಇಲ್ಲ. ನಮ್ಮವರು ಇದನ್ನು ಅವಮಾನವೆಂದು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಪೂರ್ಣ ಐಕ್ಯ ಆಗದೆ ಒಂದೇ ಪೀಠದಲ್ಲಿ ಪಾಲು ತೆಗೆದುಕೊಳ್ಳುವುದು ಸರಿಯಲ್ಲ ಎನ್ನುವುದು ಅವರ ನಂಬಿಕೆ. ನಾನು ಅದನ್ನು ಒಪ್ಪುವುದಿಲ್ಲ. ಆದರೂ ಅವರ ಬಲಿಪೂಜೆಗೆ ಹೋದಾಗ ಬೆಂಚಿನಲ್ಲೇ ಕುಳಿತು ಪ್ರಾರ್ಥಿಸುತ್ತೇನೆ. ನಮ್ಮಲ್ಲಿಗೆ ಬಂದ ಕ್ಯಾಥೊಲಿಕರನ್ನು ಭೋಜನಕ್ಕೆ ಒತ್ತಾಯಿಸುವುದಿಲ್ಲ.

3. ಕೂಡಿ ಪ್ರಾರ್ಥಿಸುವ ಮೊದಲು ಚಿಕ್ಕಪುಟ್ಟದ್ದನ್ನೂ ಮಾತಾಡಿಕೊಳ್ಳಿ.

ಜನವರಿ 18ರಿಂದ 25ರವರೆಗಿನ ಐಕ್ಯ ಪ್ರಾರ್ಥನಾ ವಾರದಲ್ಲಿ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಹೇಳುವಾಗ ನೋಡಿ. ಕೇಡಿನಿಂದ ತಪ್ಪಿಸಬೇಕೆಂದು ಬೇಡುವ ಸಾಲಿಗೆ ಕ್ಯಾಥೊಲಿಕರು ನಿಲ್ಲಿಸುತ್ತಾರೆ. ನಾವು ರಾಜ್ಯ, ಬಲ, ಮಹಿಮೆಯ ಸ್ತುತಿಯನ್ನೂ ಸೇರಿಸಿ ಮುಂದುವರಿಯುತ್ತೇವೆ. ಅರ್ಧ ಜನ ಸುಮ್ಮನಾಗಿ, ಇನ್ನರ್ಧ ಜನ ತಡವರಿಸಿ, ಆ ಪ್ರಾರ್ಥನೆಯೇ ನಮ್ಮ ಒಡಕನ್ನು ಎತ್ತಿ ತೋರಿಸುತ್ತದೆ. ಸ್ತುತಿ ಇದೆಯೋ ಇಲ್ಲವೋ ಎಂದು ಶುರುವಿನಲ್ಲೇ ಹೇಳಿಬಿಟ್ಟರೆ ಮುಗಿಯಿತು. ಹಾಗೆಯೇ, ಪೆಂತೆಕೋಸ್ತರು ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುವುದಕ್ಕೂ ಸ್ವಲ್ಪ ಸಮಯ ಇಡಿ. ಮೌನವಾಗಿ ಮೊಣಕಾಲೂರಿ ಕೂತರೆ ಮಾತ್ರ ಭಕ್ತಿ ಎಂದು ನಮ್ಮ ಹಿರಿಯರು ಹೇಳಿದರೆ ಅವರಿಗೆ ಬಿಡಿಸಿ ಹೇಳಿ.

4. ಮದುವೆಯಲ್ಲಿ ಹಗ್ಗಜಗ್ಗಾಟ ಬೇಡ.

ಹುಡುಗಿ ಕ್ಯಾಥೊಲಿಕ್, ಹುಡುಗ ನಮ್ಮವನಾದರೆ ಅವಳು ತನ್ನ ಧರ್ಮಾಧ್ಯಕ್ಷರ ಅನುಮತಿ ಪಡೆಯಬೇಕು. ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆಂದು ಮಾತು ಕೊಡಬೇಕಾದವಳೂ ಅವಳೇ. 1970ರಿಂದೀಚೆಗೆ ಹುಡುಗನಿಂದ ಆ ಮಾತು ಕೇಳುವುದಿಲ್ಲ, ಅವನಿಗೆ ತಿಳಿಸಿದರೆ ಸಾಕು. ಇದು ಗೊತ್ತಿಲ್ಲದೆ ಎರಡೂ ಮನೆಯವರು ಜಗಳವಾಡುತ್ತಾರೆ. ಅಲ್ಲೊಂದು ಇಲ್ಲೊಂದು ಎಂದು ಎರಡು ಸಲ ಮದುವೆ ಮಾಡಿಸುವುದನ್ನು ಅವರ ಕಾನೂನು ಒಪ್ಪುವುದಿಲ್ಲ. ಫಾದರ್ ಜೊತೆ ಕೂತು ಒಂದೇ ಆರಾಧನೆ ಗೊತ್ತುಮಾಡಿ.

5. ಸಾವಿನ ಹಾಸಿಗೆಯ ಬಳಿ ಅವರವರ ಗುರುಗಳನ್ನು ಕರೆಸಿ.

ಒಮ್ಮೆ ಒಂದು ಮನೆಯಲ್ಲಿ, ಸೊಸೆ ನಮ್ಮ ಸಭೆಯವಳೆಂದು ನನ್ನನ್ನು ಕರೆದರು. ಮಲಗಿದ್ದ ಅಜ್ಜಿ ಕ್ಯಾಥೊಲಿಕರು, ಬೆರಳಿಗೆ ಜಪಸರ ಸುತ್ತಿಕೊಂಡಿದ್ದರು. ಅವರ ಫಾದರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ಬರುವವರೆಗೆ ಅಜ್ಜಿಗೆ ಬಾಯಿಪಾಠವಿದ್ದ ಕೀರ್ತನೆ ಓದಿದೆ. ಫಾದರ್ ಬಂದು ಎಣ್ಣೆ ಹಚ್ಚಿದಾಗ ಅಜ್ಜಿಯ ಮುಖ ಸಡಿಲವಾಯಿತು. ನನ್ನಿಂದ ಆಗದ ಕೆಲಸ ಅದು.

6. ಬಿಟ್ಟುಹೋದವರ ಮನೆಗೂ ಹೋಗಿ.

ಎಲ್ಲಕ್ಕಿಂತ ನೋಯುವುದು ಇದು. ನಾವು ಎತ್ತಿಕೊಂಡು ದೀಕ್ಷಾಸ್ನಾನ ಮಾಡಿಸಿದ ಮಗು ದೊಡ್ಡದಾಗಿ ಪೆಂತೆಕೋಸ್ತರಲ್ಲಿಗೆ ಹೋಗಿ ನೀರಿನಲ್ಲಿ ಮುಳುಗಿ ಮತ್ತೆ ಸ್ನಾನ ತೆಗೆದುಕೊಳ್ಳುತ್ತದೆ. ಕುರಿಗಳ್ಳರು ಎಂದು ಬೈಯುವುದು ಸುಲಭ. ಹೋದವರನ್ನೇ ಕೇಳಿ: ಮಗುವಿಗೆ ಜ್ವರ ಬಂದ ರಾತ್ರಿ ಅವರ ಪಾಸ್ಟರ್ ಮನೆಗೆ ಬಂದು ಬೆಳಗಿನವರೆಗೆ ಪ್ರಾರ್ಥಿಸಿದ್ದರು, ಅಲ್ಲಿ ಹೆಣ್ಣುಮಕ್ಕಳೂ ಎದ್ದು ನಿಂತು ಸಾಕ್ಷಿ ಹೇಳಬಹುದು ಎನ್ನುತ್ತಾರೆ. ದೀಕ್ಷಾಸ್ನಾನದ ಈ ಭೇದದ ನಡುವೆಯೂ ಒಟ್ಟಿಗಿರಲು ಬರುತ್ತದೆ. 1970ರಲ್ಲಿ ನಾಗಪುರದಲ್ಲಿ ಉತ್ತರ ಭಾರತ ಸಭೆಯಾದಾಗ ಬ್ಯಾಪ್ಟಿಸ್ಟರೂ ಸೇರಿದರು. ಶಿಶುಗಳಿಗೆ ಸ್ನಾನ ಕೊಡುವವರೂ ಕೊಡದವರೂ ಅಲ್ಲಿ ಒಂದೇ ಸಭೆಯಲ್ಲಿದ್ದಾರೆ.

7. ತಡೆಯಬೇಕಾದ್ದನ್ನು ತಡೆಯಿರಿ.

ಪ್ರಾರ್ಥನೆಯ ಹೆಸರಿನಲ್ಲಿ ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಬಿಡಿಸಿದರೆ ಸುಮ್ಮನಿರಬೇಡಿ. ಯಾರು ಹೇಳಿದರೋ ಅವರ ಮುಂದೆಯೇ ಹೋಗಿ ಮಾತಾಡಿ. ನಮ್ಮ ಪ್ರಸಂಗಪೀಠದಿಂದ ಅವರ ಇಡೀ ಪಂಗಡವನ್ನು ಜರೆಯಬೇಡಿ.

8. ಏಟು ಬಿದ್ದಾಗ ಬೆರಳು ತೋರಿಸಬೇಡಿ.

2008ರ ಸೆಪ್ಟೆಂಬರ್ 14, ಭಾನುವಾರ ನಮ್ಮ ರಾಜ್ಯದಲ್ಲಿ ಚರ್ಚುಗಳ ಮೇಲೆ ದಾಳಿಗಳಾದವು. ಮತಾಂತರದ ಆಪಾದನೆ ಹೆಚ್ಚಾಗಿ ಇದ್ದದ್ದು ನ್ಯೂ ಲೈಫ್ ಎಂಬ ಹೊಸ ಗುಂಪಿನ ಮೇಲೆ. ಆದರೆ ಅಂದು ದಾಳಿಕೋರರು ಮಂಗಳೂರಿನಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರ ಆರಾಧನಾ ಮಠಕ್ಕೂ ನುಗ್ಗಿದರು. ಇಂಥ ಹೊತ್ತಿನಲ್ಲಿ ‘ನಾವು ಹಳೆಯ ಸಭೆಯವರು, ಅವರಂಥವರಲ್ಲ’ ಎಂಬ ಮಾತು ನಮ್ಮವರ ಬಾಯಿಗೆ ಬಂದುಬಿಡುತ್ತದೆ. ಚಿಕ್ಕ ಗುಂಪನ್ನು ಒಪ್ಪಿಸಿ ನಮ್ಮ ಕ್ಷೇಮ ಕೊಂಡುಕೊಳ್ಳುವ ಮಾತದು, ನನಗೆ ಅದಕ್ಕಿಂತ ದೊಡ್ಡ ದ್ರೋಹ ಕಾಣುವುದಿಲ್ಲ. ಅವರ ಬೋಧನೆಯ ಬಗ್ಗೆ ನಿಮಗೆ ತಕರಾರಿದ್ದರೆ ಅದನ್ನು ಬೇರೆ ದಿನ, ಅವರ ಎದುರಿಗೇ ಹೇಳಿ. ನಿಮ್ಮ ಊರಿನಲ್ಲಿ ಹೊಸ ಪ್ರಾರ್ಥನಾ ಮನೆ ಶುರುವಾದರೆ ಮೊದಲ ತಿಂಗಳಲ್ಲೇ ಹೋಗಿ ಅದರ ಪಾಸ್ಟರನ್ನು ಕಂಡು, ಫೋನ್ ನಂಬರ್ ಬರೆದುಕೊಳ್ಳಿ, ನಿಮ್ಮದನ್ನೂ ಕೊಡಿ. ಅವರಿಗೆ ಠಾಣೆಗೆ ಹೋಗಬೇಕಾಗಿ ಬಂದರೆ ಫಾದರನ್ನೂ ಕರೆದುಕೊಂಡು ಜೊತೆಗೆ ಹೋಗಿ; ದೂರು ಮಾತ್ರ ಅವರೇ ಹೇಳಲಿ.