ತ್ರೈರಾಶಿಯೂ ಔಷಧದ ಪ್ರಮಾಣವೂ

ಪ್ರಾಥಮಿಕ ಶಾಲೆಯಲ್ಲಿ ನಾವು ಕಲಿತು ಮರೆತ ತ್ರೈರಾಶಿಯು ವೈದ್ಯರಿಗೂ ದಾದಿಯರಿಗೂ ನಿತ್ಯದ ಅಭ್ಯಾಸ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ನಮ್ಮ ಸಿದ್ದಾಪುರದ ಹಳ್ಳಿಗಳನ್ನೂ ಕಾಡಿದೆ. ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್ ವರ್ಜ್ಯ. ಜ್ವರ ಇಳಿಸಲು ಪ್ಯಾರಾಸಿಟಮಾಲ್ ಕೊಡುತ್ತಾರೆ. ಮಕ್ಕಳಿಗಾದರೆ ಅದರ ಪ್ರಮಾಣವನ್ನು ತೂಕ ನೋಡಿ ನಿರ್ಧರಿಸಬೇಕು.

ಉದಾಹರಣೆಗೆ, ಕಿಲೋ ತೂಕಕ್ಕೆ ೧೫ ಮಿಲಿಗ್ರಾಂ ಎಂದು ವೈದ್ಯರು ಗೊತ್ತುಮಾಡಿದರೆಂದು ಭಾವಿಸೋಣ. ೧೨ ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ ೧೫ × ೧೨ = ೧೮೦ ಮಿಲಿಗ್ರಾಂ. ೫ ಮಿಲಿಲೀಟರಿನಲ್ಲಿ ೧೨೦ ಮಿಲಿಗ್ರಾಂ ಇರುವ ಸಿರಪ್ಪಾದರೆ, ೧೮೦ × ೫ ÷ ೧೨೦ = ೭.೫ ಮಿಲಿಲೀಟರ್. ಆದರೆ ೫ ಮಿಲಿಲೀಟರಿನಲ್ಲಿ ೨೫೦ ಮಿಲಿಗ್ರಾಂ ಇರುವ ಸೀಸೆಯೂ ಉಂಟು, ಅದರಲ್ಲಿ ೩.೬ ಮಿಲಿಲೀಟರ್ ಸಾಕು. ಮೊದಲಿನ ಅಳತೆಯಲ್ಲೇ ಕುಡಿಸಿದರೆ ೩೭೫ ಮಿಲಿಗ್ರಾಂ, ಅಂದರೆ ಇಮ್ಮಡಿಗೂ ಮಿಗಿಲು! ಇದು ಮೇಲಿಂದ ಮೇಲೆ ನಡೆದರೆ ಯಕೃತ್ತಿಗೆ ಅಪಾಯ.

ಆದುದರಿಂದ ಮೊದಲು ತೂಕ, ಅನಂತರ ಮಿಲಿಗ್ರಾಂ, ಕೊನೆಗೆ ಮಿಲಿಲೀಟರ್ ಎಂಬುದೇ ಕ್ರಮ. ಬಂದ ಉತ್ತರವನ್ನು ಹಿಂದಿನಿಂದ ಲೆಕ್ಕಹಾಕಿ ತಾಳೆ ನೋಡಬೇಕು. ಅಡುಗೆಮನೆಯ ಚಮಚವನ್ನು ನಂಬಬಾರದು.

ಗಣಿತವು ನಮಗೇಕೆಂದು ಕೇಳುವ ಕಲಾ ವಿಭಾಗದ ಮಿತ್ರರೇ, ಔಷಧವನ್ನು ಗೊತ್ತುಮಾಡುವವರು ವೈದ್ಯರೇ ಆದರೂ, ಸೀಸೆಯ ಮೇಲಿನ ಬರೆಹವನ್ನು ಓದಿ ಹೇಳಬಲ್ಲವರು ನಮ್ಮಲ್ಲಿ ಹಲವರ ಮನೆಯಲ್ಲಿ ನಾವೊಬ್ಬರೇ.