ಡ್ರಿವಲ್, ಜೊಲ್ಲು, ರಾಲ್

ಇತ್ತೀಚೆಗೆ ದ್ವಿತೀಯ ಪಿಯುಸಿ ತರಗತಿಯಲ್ಲಿ ಇಂಗ್ಲಿಷ್ ಪತ್ರಿಕೆಯ ಒಂದು ಓದುಗರ ಪತ್ರವನ್ನು ಓದಿಸುತ್ತಿದ್ದೆ. ಯಾರದೋ ಭಾಷಣವನ್ನು ಆ ಓದುಗರು ‘ಡ್ರಿವಲ್’ ಎಂದು ಕರೆದಿದ್ದರು. ನಿಘಂಟು ತೆಗೆದ ವಿದ್ಯಾರ್ಥಿನಿಯೊಬ್ಬಳು, “ಸರ್, ಇದರಾಗ ಜೊಲ್ಲು ಅಂತ ಐತಿ” ಎಂದಳು. ತರಗತಿಯೆಲ್ಲ ನಕ್ಕಿತು. ಹಿಂದಿನ ಬೆಂಚಿನವನು ಇನ್ನೊಂದು ನಿಘಂಟು ನೋಡಿ, “ಇದರಾಗ ಅಸಂಬದ್ಧ ಮಾತು ಅಂತ ಐತಿ ಸರ್” ಎಂದ. ಇಬ್ಬರು ಹೇಳಿದ್ದೂ ಸರಿ. ಬಾಯಿಂದ ಇಳಿಯುವ ನೀರಿಗೂ ಬಾಯಿಂದ ಬರುವ ಮಾತಿಗೂ ಒಂದೇ ಪದ ಹೇಗಾಯಿತು ಎಂಬುದಕ್ಕೆ ಅಂದು ಬೆಲ್ ಹೊಡೆಯುವುದರೊಳಗೆ ಉತ್ತರ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಡ್ರಿವಲ್ ಬಹಳ ಹಳೆಯ ಪದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಇಂಗ್ಲಿಷಿಗೆ ಫ್ರೆಂಚ್ ಪದಗಳು ಹೊಳೆಯಂತೆ ಹರಿದು ಬಂದವು. ಡ್ರಿವಲ್ ಅದಕ್ಕೂ ಮೊದಲಿನ ಹಳೆಯ ಇಂಗ್ಲಿಷಿನದು. ಆಗ ಅದರ ರೂಪ ‘ಡ್ರೆಫ್ಲಿಯನ್’. ಅರ್ಥ, ಜೊಲ್ಲು ಸುರಿಸು. ಹಳೆಯ ಇಂಗ್ಲಿಷಿನಲ್ಲಿ ಪದದ ನಡುವೆ ಘೋಷಧ್ವನಿಗಳ ಮಧ್ಯೆ ಸಿಕ್ಕಿಕೊಂಡ ‘ಎಫ್’ ಅಕ್ಷರವನ್ನು ‘ವ’ ಎಂದೇ ಉಚ್ಚರಿಸುತ್ತಿದ್ದರು. ಆದ್ದರಿಂದ ಬರಹದಲ್ಲಿ ಎಫ್ ಇದ್ದರೂ ನಾಲಿಗೆಯ ಮೇಲೆ ಇದ್ದದ್ದು ಇಂದಿನ ‘ವ’ ಧ್ವನಿಯೇ. ನಿಘಂಟುಕಾರರು ಇದಕ್ಕೆ ಒಬ್ಬ ನೆಂಟನನ್ನೂ ಹೇಳುತ್ತಾರೆ: ‘ಡ್ರಾಫ್’. ಮಾಲ್ಟ್ ಮಾಡಿದ ಕಾಳಿನ ಸಾರವನ್ನೆಲ್ಲ ಬಸಿದುಕೊಂಡ ಮೇಲೆ ತಳದಲ್ಲಿ ಉಳಿಯುವ ಸಿಪ್ಪೆ, ಗಸಿ. ಈ ನೆಂಟನನ್ನು ನೆನಪಿಟ್ಟುಕೊಳ್ಳಿ. ನಮ್ಮ ಕಣದಲ್ಲಿ ಇವನಂಥವನು ಮತ್ತೆ ಸಿಗುತ್ತಾನೆ.

14ನೆಯ ಶತಮಾನದ ಹೊತ್ತಿಗೆ ಈ ಪದ ಮಾತಿನ ಮೇಲೆ ಕುಳಿತಿತ್ತು. ಮಗುವಿನಂತೆ, ಬುದ್ಧಿ ಇಲ್ಲದವನಂತೆ ಮಾತಾಡುವುದು ‘ಡ್ರಿವಲ್’ ಆಯಿತು. ಇಂದು ಇಂಗ್ಲಿಷ್ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯ ಅರ್ಥವೇ. ಮೊದಲ ಅರ್ಥದ ಕೆಲಸವನ್ನು ‘ಡ್ರೂಲ್’ ಎಂಬ ಕಿರಿಯ ಪದ ವಹಿಸಿಕೊಂಡಿದೆ. ಡ್ರೂಲ್ 19ನೆಯ ಶತಮಾನದ ಆರಂಭದಲ್ಲಿ ಬರಹಕ್ಕೆ ಬಂದದ್ದು, ಬಹುಶಃ ಡ್ರಿವಲ್ಲೇ ಸವೆದು ಹುಟ್ಟಿದ್ದು. ಫುಟ್‌ಬಾಲ್ ಆಡುವವರಿಗೆ ಗೊತ್ತಿರುವ ‘ಡ್ರಿಬಲ್’ ಕೂಡ ಜೊಲ್ಲಿಗೆ ಬಳಕೆಯಾಗುತ್ತದೆ. ಆದರೆ ಅದರ ಬೇರು ಬೇರೆ, ಹನಿ ಎಂಬ ಅರ್ಥದ ‘ಡ್ರಿಪ್’ ಕಡೆಯದು. ಕಾಣಲು ಒಂದೇ ಥರ ಇದ್ದ ಮಾತ್ರಕ್ಕೆ ಎರಡು ಪದಗಳನ್ನು ಅಣ್ಣ ತಮ್ಮ ಎನ್ನಬಾರದು.

ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ ‘ಸ್ಲ್ಯಾವರ್’. ಇದೂ ಜೊಲ್ಲಿಗೆ ಹಳೆಯ ಪದವೇ, ಉತ್ತರದ ನಾರ್ಸ್ ಭಾಷೆಯ ಕಡೆಯಿಂದ ಬಂದದ್ದು. ನಾಯಿ, ತೋಳಗಳ ವರ್ಣನೆಯಲ್ಲಿ ಹೆಚ್ಚು. ಇದೇ ಕಾಗುಣಿತವನ್ನು ‘ಸ್ಲೇವರ್’ ಎಂದು ಓದಿದರೆ ಗುಲಾಮರ ವ್ಯಾಪಾರಿ ಎಂದಾಗುತ್ತದೆ. ಆ ಪದ ಬಂದದ್ದು ಯುರೋಪಿನ ಸ್ಲಾವ್ ಜನಾಂಗದ ಹೆಸರಿನಿಂದ. ಮಧ್ಯಯುಗದಲ್ಲಿ ಅವರಲ್ಲಿ ಅನೇಕರನ್ನು ಹಿಡಿದು ಮಾರುತ್ತಿದ್ದರು. ಕೊನೆಗೆ ಒಂದು ಜನದ ಹೆಸರೇ ಗುಲಾಮ ಎಂಬುದಕ್ಕೆ ಪದವಾಯಿತು. ಬರಹ ಒಂದೇ, ಓದು ಎರಡು, ಚರಿತ್ರೆ ಪೂರಾ ಬೇರೆ.

ಈಗ ನಮ್ಮ ಕಡೆ ಬರೋಣ. ಜೊಲ್ಲು ಎಂದರೆ ಹಳ್ಳಿ ಮಾತು, ಪರೀಕ್ಷೆಯಲ್ಲಿ ಬರೆಯಬಾರದು ಎಂಬ ಭಾವನೆ ನಿಮ್ಮಲ್ಲಿ ಹಲವರಿಗಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟಿನಲ್ಲಿ ಅದು ಮರ್ಯಾದೆಯಿಂದ ಕುಳಿತಿದೆ. ಅದು ದ್ರಾವಿಡ ಮನೆತನದ ಪದ, ತೆಲುಗಿನಲ್ಲೂ ಇದೆ, ತಮಿಳಿನಲ್ಲೂ ಇದೆ. ವಿಜ್ಞಾನದ ಪುಸ್ತಕದ ‘ಲಾಲಾರಸ’ ಸಂಸ್ಕೃತದ ‘ಲಾಲಾ’ದಿಂದ ಬಂದದ್ದು. ಅದಕ್ಕೂ ಮೂಲ ಅರ್ಥ ಜೊಲ್ಲೇ. ಪರೀಕ್ಷೆಯಲ್ಲಿ ಪಾಠದ ಪದವನ್ನೇ ಬರೆಯಿರಿ, ತಕರಾರಿಲ್ಲ. ಆದರೆ ಒಂದು ಶುದ್ಧ, ಇನ್ನೊಂದು ಕೀಳು ಎಂಬುದು ನಾವು ಕಟ್ಟಿಕೊಂಡ ಭೇದ.

ಕನ್ನಡದಲ್ಲಿ ಜೊಲ್ಲು ಹಿಡಿದ ದಾರಿ ಆಸೆಯದು. ಕೊಟ್ಟೂರಿನ ಬಸ್ ನಿಲ್ದಾಣದ ಬಳಿ ಬಿಸಿ ಮಿರ್ಚಿ, ಮಂಡಕ್ಕಿ ಕಂಡಾಗ ನಮಗೆ ‘ಬಾಯಾಗ ನೀರು’ ಬರುತ್ತದೆ. ಅದೇ ಬೇರೆಯವರು ಆಸೆಪಟ್ಟರೆ ‘ಜೊಲ್ಲು ಸುರಿಸ್ತಾನ’ ಎನ್ನುತ್ತೇವೆ! ದೇಹದಲ್ಲಿ ಆಗುವುದು ಒಂದೇ. ತನಗಾದರೆ ನೀರು, ಎದುರಿನವನಿಗಾದರೆ ಜೊಲ್ಲು. ಉರ್ದುವಿನಲ್ಲೂ ಇದೇ ಜೋಡಿ ಇದೆ. ‘ಮೂಹ್ ಮೇ ಪಾನಿ ಆನಾ’ ಎಂಬುದು ಹೊಗಳಿಕೆ, ಬಿರಿಯಾನಿ ಮಾಡಿದವರಿಗೆ ಖುಷಿ. ‘ರಾಲ್ ಟಪಕ್ನಾ’ ಎಂದರೆ ದುರಾಸೆ. ನಮ್ಮ ಮನೆಗಳ ಈ ‘ರಾಲ್’ ಸಂಸ್ಕೃತದ ಲಾಲಾದಿಂದಲೇ ಇಳಿದು ಬಂದದ್ದು. ಅಂದರೆ ಅಮ್ಮಿ ಮಗುವಿನ ಬಾಯಿ ಒರೆಸುವಾಗ ಆಡುವ ಪದವೂ ಜೀವಶಾಸ್ತ್ರದ ಪುಸ್ತಕದ ಪದವೂ ಒಂದೇ ಮನೆಯವು.

ಇನ್ನು ಕಣದ ಮಾತು. ಜೊಲ್ಲು ಮತ್ತು ಜೊಳ್ಳು, ಈ ಎರಡನ್ನು ಬರೆಯುವಾಗ ಅದಲು ಬದಲು ಮಾಡುವವರು ಪ್ರತಿ ವರ್ಷ ಸಿಗುತ್ತಾರೆ. ‘ಳ’ ಒತ್ತಿನ ಜೊಳ್ಳು (ಜಳ್ಳು ಎಂದೂ ಹೇಳುತ್ತಾರೆ) ಅಂದರೆ ಒಳಗೆ ಕಾಳು ಕಟ್ಟದ ಪೊಳ್ಳು ತೆನೆ, ತೂರಿದಾಗ ಗಾಳಿಗೆ ಹಾರುವುದು. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಜೋಳದ ಹೊಲದ ಮಕ್ಕಳಿಗೆ ಇದನ್ನು ನಾನು ವಿವರಿಸಬೇಕಿಲ್ಲ. ಹುರುಳಿಲ್ಲದ ಮಾತಿಗೆ ‘ಜೊಳ್ಳು ಮಾತು’ ಎನ್ನುತ್ತೇವಲ್ಲ, ಡ್ರಿವಲ್‌ಗೆ ಕನ್ನಡದಲ್ಲಿ ಅದಕ್ಕಿಂತ ಹತ್ತಿರದ ಪದ ನನಗೆ ಹೊಳೆದಿಲ್ಲ. ಅನುವಾದದ ಪ್ರಶ್ನೆ ಬಂದರೆ ‘ಅವರ ಭಾಷಣ ಬರೀ ಜೊಲ್ಲು’ ಎಂದು ಬರೆಯಬೇಡಿ. ‘ಬರೀ ಜೊಳ್ಳು’ ಎಂದರೆ ಸರಿಹೋಗುತ್ತದೆ. ಇಂಗ್ಲಿಷಿನ ಡ್ರಿವಲ್ ಪಕ್ಕ ಕಾಳಿನ ಗಸಿಯ ಡ್ರಾಫ್ ನಿಂತಿರುವಂತೆ ಕನ್ನಡದ ಜೊಲ್ಲಿನ ಪಕ್ಕ ಜೊಳ್ಳು ನಿಂತಿದೆ. ಇದು ಕಾಕತಾಳೀಯ ಅಷ್ಟೇ. ಇದರ ಮೇಲೆ ಯಾರೂ ಸಿದ್ಧಾಂತ ಕಟ್ಟಬಾರದು. ತಮಿಳರು ಜೊಲ್ಲನ್ನೇ ‘ಳ’ ಹಾಕಿ ‘ಜೊಳ್ಳು’ ಎನ್ನುತ್ತಾರೆ, ಹುಡುಗಿಯರ ಹಿಂದೆ ಕಣ್ಣು ಹಾಯಿಸುವ ಹುಡುಗರಿಗೆ ಅಲ್ಲಿ ಅದೇ ಬೈಗುಳ.

ಕೂಡ್ಲಿಗಿಯಿಂದ ಆಂಧ್ರದ ಗಡಿ ತೀರಾ ದೂರವೇನಲ್ಲ. ನಿಮ್ಮಲ್ಲಿ ಕೆಲವರ ಮನೆಮಾತೇ ತೆಲುಗು. ತೆಲುಗಿನ ‘ಸೊಲ್ಲು’ ಎಂದರೆ ಜೊಲ್ಲು. ‘ಸೊಲ್ಲು ಕಬುರ್ಲು’ ಎಂದರೆ ಕೆಲಸವಿಲ್ಲದ ಹರಟೆ. ಫ್ರೆಂಚಿನಲ್ಲಿ ‘ಬಾವ್’ ಎಂದರೆ ಜೊಲ್ಲು. ಅದರಿಂದಲೇ ಹುಟ್ಟಿದ ‘ಬವಾರ್’ ಎಂದರೆ ವಾಚಾಳಿ. ಇಂಗ್ಲಿಷ್, ತೆಲುಗು, ಫ್ರೆಂಚ್ ಪರಸ್ಪರ ಕೇಳಿಕೊಂಡು ಹೀಗೆ ಮಾಡಿದವಲ್ಲ. ಮಾತು ಬಾರದ ಮಗುವಿನ ಬಾಯಿಂದ ಏನು ಇಳಿಯುತ್ತದೆ ಎಂಬುದನ್ನು ಎಲ್ಲ ಕಡೆಯ ಜನರೂ ನೋಡಿದ್ದರು, ಅಷ್ಟೇ.

ಅರಬ್ಬಿಯ ಪದವಂತೂ ಚೆಲುವಾದದ್ದು: ‘ಲುಆಬ್’. ಉರ್ದುವಿನಲ್ಲಿ ಇದು ಅಡುಗೆಮನೆಗೂ ಬಂದಿದೆ. ಬೆಂಡೆಕಾಯಿ ಹೆಚ್ಚಿದಾಗ ಬರುವ ಲೋಳೆಗೂ ನೆನೆಸಿದ ಇಸಬ್‌ಗೋಲಿನ ಲೋಳೆಗೂ ಲುಆಬ್ ಎನ್ನುತ್ತಾರೆ. ಅರಬ್ಬಿಯಲ್ಲಿ ಜೇನುತುಪ್ಪಕ್ಕೆ ‘ಜೇನ್ನೊಣದ ಲುಆಬ್’ ಎಂಬ ಹೆಸರುಂಟು. ಕಡು ಬೇಸಿಗೆಯ ಮಧ್ಯಾಹ್ನ ಗಾಳಿಯಲ್ಲಿ ಎಳೆ ಎಳೆಯಾಗಿ ಮಿನುಗಿ ಇಳಿದಂತೆ ಕಾಣುತ್ತದಲ್ಲ, ಅದಕ್ಕೆ ‘ಸೂರ್ಯನ ಲುಆಬ್’ ಎನ್ನುತ್ತಾರೆ. ಏಪ್ರಿಲ್ ತಿಂಗಳಲ್ಲಿ ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ. ಆಟ ಎಂಬ ಅರ್ಥದ ಅರಬ್ಬಿ ಪದಗಳಿಗೂ ಇದೇ ಮೂರು ಮೂಲಾಕ್ಷರಗಳು: ಲಾಮ್, ಐನ್, ಬಾ. ಜೊಲ್ಲನ್ನು ಬೈಗುಳಕ್ಕೆ ಮಾತ್ರ ಬಳಸಬೇಕೆಂಬ ನಿಯಮ ಭಾಷೆಯಲ್ಲಿ ಇಲ್ಲ ಎಂಬುದಕ್ಕೆ ಅರಬ್ಬಿಯೇ ಸಾಕ್ಷಿ.

ಬೈಗುಳದ ಮಾತು ಬಂತು. ನಾನು ಈ ಲೇಖನ ಬರೆಯಲು ಮುಖ್ಯ ಕಾರಣ ಅದೇ. ಇಂಗ್ಲಿಷಿನಲ್ಲಿ ‘ಡ್ರಿವಲರ್’ ಎಂದರೆ ದಡ್ಡ ಎಂದಾಗಿತ್ತು. ನಮ್ಮ ಓಣಿಗಳಲ್ಲಿ ‘ಜೊಲ್ಲ’ ಎಂದು ಕರೆಸಿಕೊಳ್ಳುವ ಮಕ್ಕಳಿದ್ದಾರೆ. ಜೊಲ್ಲಿಗೂ ದಡ್ಡತನಕ್ಕೂ ಗಂಟು ಹಾಕಿದ್ದು ಭಾಷೆ, ದೇಹವಲ್ಲ. ದೊಡ್ಡವರ ಬಾಯಲ್ಲಿ ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಲೀಟರ್ ಲಾಲಾರಸ ಉತ್ಪತ್ತಿಯಾಗುತ್ತದೆ. ಮೂರು ಜೊತೆ ಗ್ರಂಥಿಗಳು ಅದನ್ನು ತಯಾರಿಸುತ್ತವೆ. ಅದರಲ್ಲಿರುವ ಅಮೈಲೇಸ್ ರೊಟ್ಟಿಯ ಪಿಷ್ಟವನ್ನು ಬಾಯಲ್ಲೇ ಒಡೆಯಲು ಶುರುಮಾಡುತ್ತದೆ; ರೊಟ್ಟಿಯನ್ನು ಚೆನ್ನಾಗಿ ಅಗಿದರೆ ಸಿಹಿಯಾಗುವುದು ಅದಕ್ಕೇ. ಅಷ್ಟು ನೀರು ನಮ್ಮ ಗಲ್ಲದ ಮೇಲೆ ಇಳಿಯದಿರುವುದು ನಾವು ಜಾಣರು ಎಂದಲ್ಲ, ಅರಿವಿಲ್ಲದೆಯೇ ನುಂಗುತ್ತಿರುತ್ತೇವೆ ಎಂದು. ಎಳೆ ಮಗುವಿಗೆ ಆ ನುಂಗುವ ಹದ ಇನ್ನೂ ಬಂದಿರುವುದಿಲ್ಲ. ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ, ಪಾರ್ಶ್ವವಾಯು ಹೊಡೆದವರಲ್ಲಿ ತುಟಿ, ನಾಲಿಗೆ, ಗಂಟಲಿನ ಸ್ನಾಯುಗಳು ಮಾತು ಕೇಳುವುದಿಲ್ಲ. ಅವರಲ್ಲಿ ಸಾಮಾನ್ಯವಾಗಿ ಲಾಲಾರಸ ಹೆಚ್ಚಾಗಿರುವುದಿಲ್ಲ, ನುಂಗುವುದು ಕಡಿಮೆಯಾಗಿರುತ್ತದೆ. ಅಂಥವರಲ್ಲಿ ನಿಮಗಿಂತ ಚುರುಕಾಗಿ ಲೆಕ್ಕ ಮಾಡುವವರೂ ಇರುತ್ತಾರೆ. ಮಾತಿನ ಚಿಕಿತ್ಸಕರು ನುಂಗುವ ಅಭ್ಯಾಸ ಕಲಿಸುತ್ತಾರೆ, ಔಷಧಿಗಳೂ ಇವೆ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಅಂಥ ಮಗು ಇದ್ದರೆ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಲು ಹಿರಿಯರಿಗೆ ಹೇಳಿ.

ಇನ್ನು ಕೆಲವು ಸಲ ಜೊಲ್ಲು ಎಚ್ಚರಿಕೆಯ ಗಂಟೆ. ದನದ ಬಾಯಿಂದ ಹಗ್ಗದಂತೆ ಜೊಲ್ಲು ಇಳಿಯುತ್ತಿದ್ದು, ಜ್ವರ, ಕುಂಟು ಇದ್ದರೆ ರೈತರು ಕಾಲುಬಾಯಿ ಜ್ವರ ಎನ್ನುತ್ತಾರೆ; ಹೆಚ್ಚಿನ ಸಲ ಅದು ನಿಜವೇ. ಆದರೆ ಬಾಯಲ್ಲಿ ಏನೋ ಸಿಕ್ಕಿದೆ ಎಂದು ಬರಿಗೈ ಹಾಕಬೇಡಿ. ಹುಚ್ಚುನಾಯಿ ಕಚ್ಚಿದ ದನವೂ ಹೀಗೇ ಜೊಲ್ಲು ಸುರಿಸುತ್ತದೆ. ರೇಬೀಸ್ ವೈರಾಣು ಹರಡುವುದೇ ಜೊಲ್ಲಿನಿಂದ. ಪಶುವೈದ್ಯರನ್ನು ಕರೆಯಿರಿ. ನಾಯಿ ಕಚ್ಚಿದರೆ ಅಥವಾ ಗಾಯದ ಮೇಲೆ ನೆಕ್ಕಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ರೋಗದ ಲಕ್ಷಣ ಶುರುವಾದ ಮೇಲೆ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಹಾಗೆಯೇ ಹೊಲದಲ್ಲಿ ಎಣ್ಣೆ ಹೊಡೆದು ಬಂದವರ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು ಕಂಡರೆ ಬಿಸಿಲಿಗೆ ಸುಸ್ತಾಗಿದೆ ಎಂದು ಮಲಗಿಸಬೇಡಿ. ಕೆಲವು ಕೀಟನಾಶಕಗಳ ವಿಷ ಏರಿದ ಗುರುತು ಅದು. ಬಟ್ಟೆ ಬದಲಿಸಿ, ಮೈ ತೊಳೆಸಿ, ಔಷಧದ ಡಬ್ಬಿಯನ್ನೂ ಹಿಡಿದುಕೊಂಡು ತಡಮಾಡದೆ ಆಸ್ಪತ್ರೆಗೆ ಓಡಿ.

‘ಎಂಜಲು’ ಎಂಬ ಪದದ ಬಗ್ಗೆ ಬರೆಯಲು ಜಾಗ ಸಾಲದು. ಅದರ ಬೇರಿನ ಅರ್ಥ ‘ಉಳಿದದ್ದು’ ಎಂದಷ್ಟೇ. ತಮಿಳಿನ ‘ಎಚ್ಚಿಲ್’ ಅದರ ಒಡಹುಟ್ಟು, ಸಂಸ್ಕೃತದ ‘ಉಚ್ಛಿಷ್ಟ’ಕ್ಕೂ ಉಳಿದದ್ದು ಎಂದೇ ಅರ್ಥ. ಅದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಳ್ಳೋಣ. ಅಷ್ಟರಲ್ಲಿ ನಿಮ್ಮ ಊರಲ್ಲಿ ಜೊಲ್ಲಿಗೆ ಬೇರೆ ಯಾವ ಪದ ಇದೆ, ಲಂಬಾಣಿ ತಾಂಡಾಗಳಲ್ಲಿ ಏನೆನ್ನುತ್ತಾರೆ, ಮನೆಯ ಅಜ್ಜಿ, ನಾನಿ, ದಾದಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಸ್ಟಾಫ್ ರೂಮಿನಲ್ಲಿ ನನಗೆ ಕೊಡಿ. ಊರಿನ ಹೆಸರು ಬರೆಯುವುದನ್ನು ಮರೆಯಬೇಡಿ.