ನಾಸ್ತಿಕನೆಂದರೆ ಯಾರು?

ದೇವಾಲಯಕ್ಕೆ ಬಾರದವನನ್ನು ಜನರು ಒಡನೆಯೇ ನಾಸ್ತಿಕನೆಂದು ಕರೆಯುವುದುಂಟು. ಶಾಸ್ತ್ರಗಳಲ್ಲಿ ಈ ಶಬ್ದದ ಅರ್ಥವು ಅಷ್ಟು ಸುಲಭವಾದುದಲ್ಲ. 'ನಾಸ್ತಿ' ಎಂದರೆ ಇಲ್ಲ. ಏನು ಇಲ್ಲ? ಪರಲೋಕವಿಲ್ಲ ಎಂಬುದು ಪಾಣಿನಿಯ ಸೂತ್ರಕ್ಕೆ ವ್ಯಾಖ್ಯಾನಕಾರರು ಕೊಟ್ಟ ಉತ್ತರ. ಮನುಸ್ಮೃತಿಯಾದರೋ ವೇದನಿಂದಕನನ್ನು ನಾಸ್ತಿಕನೆಂದಿತು. ಎರಡು ಕಡೆಯೂ ದೇವರ ಮಾತಿಲ್ಲ!

ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಜಾಬಾಲಿಯ ಪ್ರಸಂಗವು ಬರುತ್ತದೆ. ಇಲ್ಲಿ ಒಬ್ಬನುಂಡ ಶ್ರಾದ್ಧದ ಅನ್ನವು ಸತ್ತವನಿಗೆ ಮುಟ್ಟುವುದಾದರೆ, ದೂರದೇಶಕ್ಕೆ ಹೊರಟವನಿಗೆ ದಾರಿಯ ಬುತ್ತಿ ಏತಕ್ಕೆ, ಮನೆಯಲ್ಲಿಯೇ ಅವನ ಹೆಸರಿನಲ್ಲಿ ಶ್ರಾದ್ಧವಿಕ್ಕಿದರಾಯಿತಲ್ಲವೇ ಎಂದು ಅವನು ಕೇಳಿದನು. ತಂದೆಗಿತ್ತ ಮಾತನ್ನು ಮರೆತು ರಾಜ್ಯವಾಳೆಂಬುದೇ ಅವನ ಉಪದೇಶ. ಶ್ರೀರಾಮನು ಕೋಪಗೊಂಡು, ಸತ್ಯಕ್ಕಿಂತ ಮಿಗಿಲಾದುದಿಲ್ಲವೆಂದು ಅವನನ್ನು ಖಂಡಿಸಿದನು.

ಯಜ್ಞಕರ್ಮವನ್ನು ಎತ್ತಿಹಿಡಿದ ಪೂರ್ವಮೀಮಾಂಸಕರಾದ ಕುಮಾರಿಲಭಟ್ಟರು ಜಗತ್ತನ್ನು ಸೃಷ್ಟಿಸಿದ ಈಶ್ವರನೊಬ್ಬನನ್ನು ಒಪ್ಪಲಿಲ್ಲ. ಆದರೂ ವೇದವನ್ನು ನಂಬಿದ್ದರಿಂದ ಅವರು ಆಸ್ತಿಕರು. ಜೈನರೂ ಬೌದ್ಧರೂ ಪರಲೋಕವನ್ನೂ ಪಾಪಪುಣ್ಯಗಳನ್ನೂ ಒಪ್ಪಿಯೂ, ವೇದವನ್ನು ಪ್ರಮಾಣವೆನ್ನದ ಕಾರಣ ನಾಸ್ತಿಕರೆನಿಸಿಕೊಂಡರು. ಇಷ್ಟು ಕಟ್ಟುನಿಟ್ಟಾಗಿ ನಡೆಯುವವರಿಗೆ ಆ ಹೆಸರು ಸಲ್ಲದೆಂದೇ ತೋರುತ್ತದೆ.

ಈಶ್ವರನಿಲ್ಲವೆಂಬ ವಾದವನ್ನು ನೇರವಾಗಿ ಎದುರಿಸಿದವರಲ್ಲಿ ಉದಯನಾಚಾರ್ಯರು ಅಗ್ರಗಣ್ಯರು. ಸುಮಾರು 1000 ವರ್ಷಗಳ ಹಿಂದೆ ಮಿಥಿಲೆಯಲ್ಲಿದ್ದ ಅವರು 'ನ್ಯಾಯಕುಸುಮಾಂಜಲಿ'ಯನ್ನು ರಚಿಸಿ, ಗಡಿಗೆಗೆ ಕುಂಬಾರನಿರುವಂತೆ ಜಗತ್ತೆಂಬ ಕಾರ್ಯಕ್ಕೂ ಕರ್ತೃವಿರಲೇಬೇಕೆಂದು ಸಾಧಿಸಿದರು. ಗ್ರಂಥವು ಮುಗಿಯುವೆಡೆಯಲ್ಲಿ ಅವರದೊಂದು ಪ್ರಾರ್ಥನೆಯಿದೆ. ಪ್ರತಿವಾದಿಗಳು ಅಲ್ಲಗಳೆಯುವ ನೆಪದಿಂದಲಾದರೂ ಈಶ್ವರನನ್ನೇ ಎಡೆಬಿಡದೆ ಚಿಂತಿಸಿದವರು. ಆದುದರಿಂದ ಕಾಲವೊದಗಿದಾಗ ಅವರನ್ನೂ ಉದ್ಧರಿಸಬೇಕೆಂದು ಆಚಾರ್ಯರು ಬೇಡಿಕೊಂಡರು.